ಮೇಜಿನ ಮೇಲೆ ಒಂದು ಹಸಿರು ಕಾಯಿ

ಇವತ್ತು ಕೌನ್ಸೆಲಿಂಗ್‌ಗೆ ಬಂದ ಹುಡುಗ ಕೂರುವ ಮೊದಲೇ ಜೇಬಿನಿಂದ ಒಂದು ಕಾಫಿ ಕಾಯಿ ತೆಗೆದು ಮೇಜಿನ ಮೇಲಿಟ್ಟ. ಹಸಿರು ಕಾಯಿ, ಗಟ್ಟಿ. (ಅವನನ್ನು ಕೇಳಿಯೇ ಇದನ್ನು ಬರೆಯುತ್ತಿದ್ದೇನೆ.)

ಮೂಡಿಗೆರೆ ಕಡೆ ಕಾಫಿ ತೋಟದಲ್ಲಿ ರೈಟರ್ ಕೆಲಸ, ಅಂದರೆ ಹಣ್ಣು ಕೊಯ್ಯುವವರ ಮೇಲ್ವಿಚಾರಣೆ. "ನೋಡಿ ಮೇಡಂ, ಹಣ್ಣಿನ ಜೊತೆ ಇದೇ ಬರುತ್ತೆ. ಎಷ್ಟು ಬೈದರೂ ಅಷ್ಟೇ. ಬೈದು ಬೈದು ರಾತ್ರಿ ನಂಗೇ ನಿದ್ದೆ ಇಲ್ಲ."

ನನಗೆ ಕ್ಲೂಗರ್ ಮತ್ತು ಡಿನಿಸಿ ಅನ್ನುವ ಇಬ್ಬರು ಸಂಶೋಧಕರು 1996ರಲ್ಲಿ ಬರೆದದ್ದು ನೆನಪಾಯಿತು. ಕೆಲಸದ ಬಗ್ಗೆ ಹೇಳುವ ಮಾತಿನಿಂದ ಕೆಲಸ ಸುಧಾರಿಸುತ್ತಾ ಅಂತ 607 ಫಲಿತಾಂಶಗಳನ್ನು ಒಟ್ಟು ಹಾಕಿ ನೋಡಿದ್ದರು. ಸರಾಸರಿಯಲ್ಲಿ ಸುಧಾರಿಸಿತ್ತು. ಆದರೆ ಮೂರರಲ್ಲಿ ಒಂದು ಪಾಲಿಗಿಂತ ಜಾಸ್ತಿ ಕಡೆ ಕೆಲಸ ಇನ್ನೂ ಕೆಟ್ಟಿತ್ತು. ಮಾತು ಕೆಲಸ ಬಿಟ್ಟು ಮನುಷ್ಯನ ಕಡೆ ತಿರುಗಿದಷ್ಟೂ ಫಲ ಕಡಿಮೆ ಅನ್ನುವುದು ಅವರ ವಿವರಣೆ.

"ಬೈಯುವಾಗ ಏನಂತೀರಿ?" ಅಂದೆ.

"ಕಣ್ಣು ಕಾಣಲ್ವಾ ಅಂತೀನಿ."

ಹೇಳಿ ಸುಮ್ಮನಾದ. ಕಾಯಿಯನ್ನು ಬೆರಳಲ್ಲಿ ಉರುಳಿಸುತ್ತಾ ತುಂಬಾ ಹೊತ್ತು ಕೂತ. ಆಮೇಲೆ ತಾನೇ ಅಂದ, "ಇದರಲ್ಲಿ ಕಾಯಿ ವಿಷಯನೇ ಬರಲಿಲ್ಲ, ಅಲ್ವಾ?"

ನನಗೆ ಎಷ್ಟು ಖುಷಿಯಾಯಿತು ಅಂದರೆ!

ಇಬ್ಬರೂ ಸೇರಿ ಒಂದು ಸಾಲು ಬರೆದೆವು. ಮನಶ್ಶಾಸ್ತ್ರಜ್ಞ ಪೀಟರ್ ಗೋಲ್‌ವಿಟ್ಸರ್ ಹೇಳುವ 'ಹೀಗಾದರೆ ಹೀಗೆ ಮಾಡ್ತೀನಿ' ಅನ್ನುವ ರೀತಿ. "ಚೀಲದಲ್ಲಿ ಹಸಿರು ಕಂಡರೆ, ಕಾಯಿ ಕೈಯಲ್ಲಿ ಹಿಡಿದು, 'ಅಕ್ಕಾ, ಇದು ಯಾವ ಗಿಡದ್ದು?' ಅಂತ ಕೇಳ್ತೀನಿ."

ಚೀಟಿ ಮಡಚಿ ಜೇಬಿಗೆ ಹಾಕಿಕೊಂಡ. ಕಾಯಿ ಇಲ್ಲೇ ಮರೆತು ಹೋಗಿದ್ದಾನೆ. ಮುಂದಿನ ವಾರ ಬರುತ್ತಾನೆ, ಎತ್ತಿಟ್ಟಿದ್ದೇನೆ.