ಕಾಗೆ ಹಾಕಿದ ಕಲ್ಲಿನ ಲೆಕ್ಕ

ದಾವಣಗೆರೆಯ ನಮ್ಮ ಶಾಲೆಯ ಲ್ಯಾಬ್ ಅಂದರೆ 500 ಮಿಲಿಯ ಅಳತೆಜಾಡಿ, ಪಕ್ಕದಲ್ಲಿ ಹರಿಹರದ ಹೊಳೆಯಿಂದ ತಂದ ಒಂದು ಬಕೆಟ್ ಉರುಟು ಕಲ್ಲು. ಬಾಯಾರಿದ ಕಾಗೆಯ ಕಥೆ ಎತ್ತಿದಾಗೆಲ್ಲ ವಿಜ್ಞಾನದ ಮೇಷ್ಟ್ರು ಕೇಳುತ್ತಿದ್ದುದು ಒಂದೇ: ‘ಹೂಜಿಯಲ್ಲಿ ನೀರು ಎಷ್ಟಿತ್ರೋ?’ ಕಥೆಯಲ್ಲಿ ಅದನ್ನು ಹೇಳಿಲ್ಲ. ಕಾಗೆ ಬದುಕುವುದು ಬಿಡುವುದು ಅದರ ಮೇಲೇ ಇದೆ.

ಒಂದೇ ಗಾತ್ರದ ಉರುಟು ಕಲ್ಲು ಎಷ್ಟೇ ತುಂಬಿದರೂ ಶೇ 40ರಷ್ಟು ಜಾಗ ಸಂದಿಯಾಗಿಯೇ ಉಳಿಯುತ್ತದೆ. ನೀರು ಮೊದಲು ಆ ಸಂದಿ ತುಂಬಬೇಕು. ಜಾಡಿಗೆ 150 ಮಿಲಿ ನೀರು ಹಾಕಿ ಕಲ್ಲು ಬಿಡುತ್ತಾ ಹೋಗಿ: 375ರ ಗೆರೆಯ ಹತ್ತಿರ ನೀರು ನಿಂತುಬಿಡುತ್ತದೆ, ಆಮೇಲೆ ಹಾಕಿದ್ದೆಲ್ಲ ಒಣಕಲ್ಲು. 200 ಮಿಲಿ ಇದ್ದರೆ ಅಂತೂ ಇಂತೂ ಬಾಯಿ ಮುಟ್ಟುತ್ತದೆ. 250 ಇದ್ದರೆ ಕಾಗೆಗೆ ಹಬ್ಬ. ನೀರು 500ಕ್ಕೆ ಬಂದಾಗ ಕಲ್ಲಿನ್ನೂ 417ರ ಆಸುಪಾಸಿನಲ್ಲಿರುತ್ತದೆ, ಮೇಲೆ ಬರೀ ತಿಳಿನೀರು.

ಕೆಡುವುದು ಸಣ್ಣ ವಿಷಯಗಳಲ್ಲಿ. ಕಲ್ಲನ್ನು ಮೇಲಿಂದ ಬಿಟ್ಟರೆ ಗಾಜಿನ ತಳ ಹೋಯಿತು. ಜಾಡಿಯನ್ನು ಓರೆ ಮಾಡಿ ಜಾರಿಸಬೇಕು. ಇಟ್ಟಿಗೆ ಚೂರು ತಾನೇ ನೀರು ಕುಡಿಯುತ್ತದೆ. ಕ್ರಷರಿನ ಜಲ್ಲಿಗೆ ಮೂಲೆಗಳಿರುವುದರಿಂದ ಸಂದಿ ಇನ್ನೂ ಹೆಚ್ಚು. ಗಾಳಿಗುಳ್ಳೆ ಹೋಗುವಂತೆ ಜಾಡಿಯನ್ನು ಮೆಲ್ಲಗೆ ತಟ್ಟಿ, ಕಣ್ಣನ್ನು ನೀರಿನ ಮಟ್ಟಕ್ಕೆ ಇಳಿಸಿ ಗೆರೆ ಓದಬೇಕು. ದಪ್ಪ ಕಲ್ಲಿನ ಜೊತೆ ಸಣ್ಣದನ್ನೂ ಬೆರೆಸಿ ಸಂದಿಯನ್ನು ಶೇ 30ಕ್ಕೆ ಇಳಿಸಿದರೆ ಅದೇ 150 ಮಿಲಿ ಬಾಯಿಯವರೆಗೂ ಏರುತ್ತದೆ. ಆದರೆ ಆ ನೀರೆಲ್ಲ ಕಲ್ಲುಗಳ ನಡುವೆ ಸಿಕ್ಕಿಕೊಂಡಿರುತ್ತದೆ, ಕೊಕ್ಕಿಗೆ ದಕ್ಕುವುದು ಕಷ್ಟ.

ಕಲ್ಲಿನ ಬದಲು ಮಂಡಕ್ಕಿ ಹಾಕಿದರೆ? ಅದು ತೇಲುತ್ತದೆ, ನೀರು ಏರುವುದು ಅಷ್ಟಕ್ಕಷ್ಟೇ. ಈ ವಿಷಯ ಕಾಗೆಗೂ ಗೊತ್ತು. 2009ರಲ್ಲಿ ಇಂಗ್ಲೆಂಡಿನ ವಿಜ್ಞಾನಿಗಳು ಕಾಗೆ ಜಾತಿಯ ರೂಕ್ ಹಕ್ಕಿಗಳ ಮುಂದೆ ನೀರಿನ ಕೊಳವೆ ಇಟ್ಟಾಗ, ಅವು ಕಲ್ಲು ಹಾಕಿ ತೇಲುವ ಹುಳುವನ್ನು ಕೊಕ್ಕಿನ ಎಟುಕಿಗೆ ತಂದುಕೊಂಡವು. 2014ರ ಪ್ರಯೋಗದಲ್ಲಿ ನ್ಯೂ ಕ್ಯಾಲೆಡೋನಿಯದ ಕಾಗೆಗಳು ತೇಲುವುದನ್ನು ಬಿಟ್ಟು ಮುಳುಗುವುದನ್ನೇ ಹೆಕ್ಕಿದವು. ನೀರು ಹೆಚ್ಚಿದ್ದ ಕೊಳವೆಗೇ ಹೋದವು. ಮೇಷ್ಟ್ರ ಪ್ರಶ್ನೆಗೆ ಇದಕ್ಕಿಂತ ಒಳ್ಳೆಯ ಉತ್ತರ ಯಾವ ವಿದ್ಯಾರ್ಥಿ ಕೊಟ್ಟಾನು!

ಉಳಿದದ್ದು ಕೂಲಿಯ ಲೆಕ್ಕ. 10 ಲೀಟರಿನ ಕೊಡದಲ್ಲಿ ಅರ್ಧ ನೀರಿದ್ದರೆ ತುಂಬಿಸಲು ಬೇಕಾದ ಗ್ರಾನೈಟ್ ಕಲ್ಲು ಸುಮಾರು 13 ಕೆ.ಜಿ. ನಮ್ಮ ಊರ ಕಾಗೆಯೇ ತೂಗುವುದು 300 ಗ್ರಾಂ ಆಸುಪಾಸು. ಒಂದೊಂದು ಕಲ್ಲು 10 ಗ್ರಾಂ ಅಂದುಕೊಂಡರೂ 1,300 ಸಲ ಹಾರಾಟ. ಒಂದು ಲೀಟರಿನ ಚೊಂಬಾದರೆ 130ಕ್ಕೆ ಮುಗಿಯುತ್ತದೆ. ಮೇಷ್ಟ್ರು ಬೋರ್ಡಿನ ಮೇಲೆ ಹೂಜಿಯನ್ನು ಯಾವಾಗಲೂ ಪುಟ್ಟದಾಗಿಯೇ ಬರೆಯುತ್ತಿದ್ದರು.