ತಂಬೂರಿ ಮಾರುವ ಮಾತು

ಮೂಲೆಯಲ್ಲಿ ಗವಸು ಹೊದ್ದು ನಿಂತಿರುವ ಮೀರಜಿನ ತಂಬೂರಿಯನ್ನು ಮಾರಿ, ಆ ಹಣಕ್ಕೆ ಇನ್ನಷ್ಟು ಸೇರಿಸಿ ಒಂದು ಒಳ್ಳೆಯ ಹಾರ್ಮೋನಿಯಂ ಕೊಳ್ಳಬೇಕೆಂದು ಎರಡು ತಿಂಗಳಿಂದ ಲೆಕ್ಕ ಹಾಕುತ್ತಿದ್ದೇನೆ. ನಿತ್ಯದ ಅಭ್ಯಾಸಕ್ಕೆ ತಂಬೂರಿಯ ನಾದ ನುಡಿಸುವ ಫೋನಿನ ಆ್ಯಪ್ ಸಾಕು. ಅದು ಶ್ರುತಿ ತಪ್ಪುವುದಿಲ್ಲ, ಮಳೆಗಾಲದಲ್ಲಿ ತಂತಿ ಬಿಗಿಸುವ ಬಿರಡೆ ಬಿಗಿದುಕೊಂಡು ಸತಾಯಿಸುವುದೂ ಇಲ್ಲ. ಮೀರಜಿನ ಸಿತಾರ್ ಮತ್ತು ತಂಬೂರಿಗಳಿಗೆ 2024ರಲ್ಲಿ ಭೌಗೋಳಿಕ ಸೂಚಕದ ಮನ್ನಣೆ ಸಿಕ್ಕಿತಾದರೂ, ನನ್ನ ಹಳೆಯ ವಾದ್ಯಕ್ಕೆ ಬಂದ ಬೆಲೆ ಒಂಬತ್ತು ಸಾವಿರವನ್ನು ದಾಟಲಿಲ್ಲ.

ಕಳೆದ ಭಾನುವಾರ ಕೊಳ್ಳಲು ಬಂದ ಹುಡುಗ ತಂಬೂರಿಯ ಬುರುಡೆಯನ್ನು ಬೆರಳ ಗೆಣ್ಣಿನಿಂದ ಮೆಲ್ಲಗೆ ತಟ್ಟಿ, "ಸರ್, ಒಮ್ಮೆ ಶ್ರುತಿ ಮಾಡಿ ಕೇಳಿಸುತ್ತೀರಾ?" ಎಂದ. ಬಹುದಿನಗಳ ನಂತರ ಕುಳಿತು ಬಿರಡೆ ತಿರುಗಿಸಿ, ಮಣಿಗಳನ್ನು ಸರಿಸಿ, ಕೊನೆಗೆ ತಂತಿಗಳನ್ನು ಹೊತ್ತ ಕುದುರೆಯ (ಪುಟ್ಟ ಸೇತುವೆಯ) ಮೇಲಿನ ದಾರವನ್ನು ಮಂದ್ರ ಷಡ್ಜದ, ಅಂದರೆ ಕೆಳಸ್ಥಾಯಿಯ 'ಸ'ದ, ತಂತಿಯ ಕೆಳಗೆ ಕೂದಲೆಳೆಯಷ್ಟು ಮುಂದೆ ತಳ್ಳಿದಾಗ, ಅಲ್ಲಿಯವರೆಗೆ ಮಂಕಾಗಿದ್ದ ನಾದ ತಟ್ಟನೆ ಅರಳಿ, ಯಾರೂ ಮೀಟದ ಗಾಂಧಾರ, ಅಂದರೆ 'ಗ' ಸ್ವರ, ಅದರೊಳಗಿನಿಂದ ಸ್ಪಷ್ಟವಾಗಿ ಕೇಳಿಸಿತು. ಆ್ಯಪಿನಲ್ಲಿಯೂ ಆ ಗಾಂಧಾರ ಇದ್ದೇ ಇದೆ. ಆದರೆ ಅದನ್ನು ಹುಡುಕಿ ಹೊರಡಿಸುವ ಹತ್ತು ನಿಮಿಷಗಳ ಶ್ರಮದಿಂದಲೇ ನನ್ನ ಕಿವಿಯೂ ಶ್ರುತಿಗೆ ಕೂಡುತ್ತಿತ್ತೆಂಬುದನ್ನು (ಸೋಮಾರಿತನದಿಂದ, ಬೇರೇನೂ ಅಲ್ಲ) ನಾನು ಮರೆತೇಬಿಟ್ಟಿದ್ದೆ.

ಹುಡುಗ ಹಣ ಎಣಿಸತೊಡಗಿದ್ದ. ಒಂದು ವಾರ ಬಿಟ್ಟು ಬಾರಪ್ಪಾ ಎಂದು ಅವನನ್ನು ಚಹಾ ಕೊಟ್ಟು ಕಳುಹಿಸಿದೆ. ಸದ್ಯಕ್ಕೆ ಹೊಸ ತಂತಿಗಳ ಒಂದು ಜೊತೆಯನ್ನಷ್ಟೇ ತರಿಸಿದ್ದೇನೆ.