ಹಿಂದೆ ಗುಡ್ಡ ಕಾಣಬೇಕು

ಬಯಲುಸೀಮೆಯಲ್ಲಿ ಹುಟ್ಟಿ ಬಯಲುಸೀಮೆಯಲ್ಲಿಯೇ ತಲೆ ನರೆತ ನನಗೆ ವನ್ಯಜೀವಿ ಛಾಯಾಗ್ರಹಣದ ಹವ್ಯಾಸ ಅಂಟಿಕೊಂಡದ್ದು ಫಿಲ್ಮ್ ರೋಲಿನ ಕಾಲದಲ್ಲಿ. ಒಂದು ರೋಲಿಗೆ 36 ಚಿತ್ರಗಳು ಮಾತ್ರ ಸಿಗುತ್ತಿದ್ದ ಆ ದಿನಗಳಲ್ಲಿ ದಾವಣಗೆರೆಯಲ್ಲಿ ಕ್ಯಾಮೆರಾ ಹಿಡಿದ ಗೆಳೆಯರೆಲ್ಲ ಬಂಡೀಪುರಕ್ಕೋ ನಾಗರಹೊಳೆಗೋ ಭದ್ರಾ ಕಾಡಿಗೋ ಹೊರಡುತ್ತಿದ್ದರು. ನಾನೂ ಹೋಗಿದ್ದೇನೆ, ಹುಲಿ ಆನೆಗಳನ್ನು ಕಣ್ತುಂಬ ನೋಡಿದ್ದೇನೆ. ಆದರೆ ನನ್ನ ಬದುಕಿನ ಹೆಚ್ಚಿನ ಬೆಳಗುಗಳು ಕಳೆದದ್ದು ಜಗಳೂರಿನ ಕುರುಚಲು ಗುಡ್ಡಗಳಲ್ಲಿ, ಚಿತ್ರದುರ್ಗದ ಜೋಗಿಮಟ್ಟಿಯ ಬಂಡೆಗಳ ನಡುವೆ ಮತ್ತು ಚಳ್ಳಕೆರೆಯ ಕಾವಲುಗಳೆಂಬ ಹುಲ್ಲುಬಯಲುಗಳಲ್ಲಿ. ಮಲೆನಾಡಿನ ಕಾಡಿನ ಪರವಾಗಿ ಮಾತನಾಡಲು ಸಾವಿರ ಜನರಿದ್ದಾರೆ. ಒಣನೆಲದ ಜೀವಿಗಳು ಇವೆಯೆಂದು ಹೇಳುವುದಕ್ಕೇ ಯಾರಾದರೂ ಬೇಕಾಗಿದೆ ಎಂದು ನನಗೆ ಬಹಳ ಬೇಗ ಅನ್ನಿಸಿತು.

ಜಗಳೂರು ತಾಲ್ಲೂಕಿನ ರಂಗಯ್ಯನದುರ್ಗದ ಅರಣ್ಯವನ್ನು 2011ರಲ್ಲಿ ಕೊಂಡುಕುರಿ ಎಂಬ ಹುಲ್ಲೆಗಾಗಿಯೇ ವನ್ಯಜೀವಿ ಧಾಮವೆಂದು ಘೋಷಿಸಿದರು. ಅದರ ವಿಸ್ತಾರ 77 ಚದರ ಕಿಲೋಮೀಟರಿಗೆ ಸ್ವಲ್ಪ ಹೆಚ್ಚು. ಭಾರತ ಮತ್ತು ನೇಪಾಳಗಳಲ್ಲಿ ಮಾತ್ರ ಬದುಕಿರುವ ಈ ಪುಟ್ಟ ಪ್ರಾಣಿಯಲ್ಲಿ ಗಂಡಿಗೆ ಮಾತ್ರ ಕೊಂಬುಗಳಿರುತ್ತವೆ. ಕಿವಿಗಳ ನಡುವೆ ಉದ್ದನೆಯ ಒಂದು ಜೋಡಿ, ಹಣೆಯ ಮೇಲೆ ಗಿಡ್ಡನೆಯ ಇನ್ನೊಂದು ಜೋಡಿ, ಹೀಗೆ ನಾಲ್ಕು. ದಕ್ಷಿಣದ ಕೊಂಡುಕುರಿಗಳಲ್ಲಿ ಹಣೆಯ ಜೋಡಿ ಎಷ್ಟೋ ವೇಳೆ ಬರಿಯ ಗುಬುಟಿನಷ್ಟೇ ಇರುತ್ತದೆ. ಜಿಂಕೆಗಳ ಹಾಗೆ ಇದು ಹಿಂಡು ಕಟ್ಟುವುದಿಲ್ಲ. ಒಂಟಿಯಾಗಿಯೋ ಜೊತೆಯಾಗಿಯೋ ಓಡಾಡುತ್ತದೆ, ಮನುಷ್ಯನ ಸುಳಿವು ಸಿಕ್ಕರೆ ಹುಲ್ಲಿನ ನಡುವೆ ಕಲ್ಲಿನಂತೆ ನಿಂತುಬಿಡುತ್ತದೆ, ಇನ್ನೊಂದು ಹೆಜ್ಜೆ ಮುಂದಿಟ್ಟರೆ ನೆಗೆದು ಮಾಯವಾಗುತ್ತದೆ. ಒಂದೇ ಜಾಗಕ್ಕೆ ಮತ್ತೆ ಮತ್ತೆ ಬಂದು ಹಿಕ್ಕೆ ಹಾಕುವುದು ಇದರ ಅಭ್ಯಾಸವಾದ್ದರಿಂದ, ಹುಡುಕುವವನು ನೆಲ ನೋಡಿಕೊಂಡು ನಡೆಯುವುದನ್ನು ಮೊದಲು ಕಲಿಯಬೇಕು. ಹಿಕ್ಕೆಯ ಗುಡ್ಡೆ ಹೊಸದಾಗಿದ್ದರೆ ಗಾಳಿಯ ದಿಕ್ಕು ನೋಡಿ, ದೂರದಲ್ಲಿ ಕವಳೆಯ ಪೊದೆಯ ಮರೆಗೆ ಕುಳಿತು ಕಾಯಬೇಕು. ಅದು ಬರುವ ಹೊತ್ತಿಗೆ ಬೆಳಕು ಸಾಲದೆ ಇರುವುದೇ ಹೆಚ್ಚು.

ಹೀಗೆ ಕಾದು ತೆಗೆದ ಚಿತ್ರಗಳನ್ನು ಕೆಲವು ವರ್ಷಗಳ ನಂತರ ಆ ಭಾಗದ ಒಂದು ಹಳ್ಳಿಯ ಶಾಲೆಯಲ್ಲಿ ಗೋಡೆಗೆ ಬಿಳಿಯ ಪಂಚೆ ಕಟ್ಟಿ ತೋರಿಸಿದೆ. ಮೊದಲಿಗೆ ತೋರಿಸಿದ್ದು ಮುಖವಷ್ಟೇ ತುಂಬಿಕೊಂಡಿದ್ದ ಚಿತ್ರ. ಕಣ್ಣಿನ ಹೊಳಪು, ಮೂಗಿನ ಪಸೆ, ಎಲ್ಲವೂ ಸ್ಪಷ್ಟವಾಗಿದ್ದ ಆ ಚಿತ್ರವನ್ನು ಮಕ್ಕಳು ಮೆಚ್ಚಿ, ಇದು ಯಾವ ಊರಿನ ಮೃಗಾಲಯದ್ದು ಎಂದು ಕೇಳಿದರು. ಅದರ ನಂತರ ಬಂದದ್ದು, ಪ್ರಾಣಿ ಚಿಕ್ಕದಾಗಿ ಒಂದು ಮೂಲೆಯಲ್ಲಿ ನಿಂತು, ಹಿಂದೆ ಇಡೀ ಗುಡ್ಡದ ಸಾಲು ಕಾಣುತ್ತಿದ್ದ ಚಿತ್ರ. ಬಾಗಿಲ ಬಳಿ ಕಂಬಳಿ ಹೊದ್ದು ನಿಂತಿದ್ದ ಕುರಿ ಕಾಯುವ ಹಿರಿಯರೊಬ್ಬರು ಒಳಗೆ ಬಂದು, “ಇದು ನಮ್ ಗುಡ್ಡ ಅಲ್ಲೇನ್ ಸಾರ್?” ಎಂದರು. ಅಲ್ಲಿಂದ ಮುಂದೆ ಮಾತೆಲ್ಲ ಅವರದೇ ಆಯಿತು. ಬೇಸಿಗೆಯಲ್ಲಿ ಅದು ಯಾವ ಹೊಂಡಕ್ಕೆ ನೀರಿಗೆ ಬರುತ್ತದೆ, ಯಾವ ಕಡೆಯ ಹುಲ್ಲಿಗೆ ಬೆಂಕಿ ಬಿದ್ದಾಗ ಎತ್ತ ಇಳಿಯುತ್ತದೆ, ಮರಿಯನ್ನು ಎಂಥ ಹುಲ್ಲಿನಲ್ಲಿ ಬಚ್ಚಿಡುತ್ತದೆ ಎಂದು ಅವರು ಹೇಳುತ್ತಾ ಹೋದಂತೆ ಮಕ್ಕಳು ನನ್ನತ್ತ ಬೆನ್ನು ತಿರುಗಿಸಿ ಅವರತ್ತ ಕುಳಿತರು.

ಸಂರಕ್ಷಣೆಗಾಗಿ ತೆಗೆಯುವ ಚಿತ್ರದಲ್ಲಿ ಪ್ರಾಣಿಯ ಹಿಂದೆ ಅದರ ನೆಲವೂ ಕಾಣಬೇಕು ಎಂಬ ನನ್ನ ನಂಬಿಕೆ ಗಟ್ಟಿಯಾದದ್ದು ಅಂದು. ಹಿನ್ನೆಲೆಯನ್ನು ಪೂರ್ತಿ ಮಸುಕು ಮಾಡುವ ದುಬಾರಿ ಲೆನ್ಸ್‌ಗಳು ಬಂದ ಮೇಲೆ ಚಿತ್ರಗಳು ಚೆಂದವಾಗಿವೆ, ನಿಜ; ಆದರೆ ಪ್ರಾಣಿ ಬಂಡೀಪುರದ್ದೋ ಜಗಳೂರಿನದ್ದೋ ತಿಳಿಯದಂತಾಗಿದೆ. ನಮ್ಮ ನೆರೆಯ ಸಂಡೂರಿನ ಎಂ.ವೈ. ಘೋರ್ಪಡೆಯವರ ಕಪ್ಪುಬಿಳುಪು ಚಿತ್ರಗಳಲ್ಲಿ ಮರ, ಮಂಜು, ಬೆಳಕುಗಳಿಗೆ ಪ್ರಾಣಿಯಷ್ಟೇ ಸ್ಥಾನವಿತ್ತು. ಅವುಗಳನ್ನು ನೋಡಿ ಬೆಳೆದ ನನಗೆ ಆ ದಾರಿಯೇ ಸರಿಯೆನಿಸುತ್ತದೆ.

ನೆಲ ಕಾಣದಿದ್ದರೆ ಆಗುವ ನಷ್ಟವೇನೆಂಬುದಕ್ಕೆ ಚಳ್ಳಕೆರೆಗಿಂತ ದೊಡ್ಡ ಉದಾಹರಣೆ ಬೇಕಿಲ್ಲ. ಮೈಸೂರು ಅರಸರ ಬೆಣ್ಣೆ ಚಾವಡಿಯ ದನಗಳಿಗೆ, ಟಿಪ್ಪುವಿನ ಕಾಲದಿಂದ ಅಮೃತ ಮಹಲ್ ಎಂದು ಹೆಸರಾದ ತಳಿಗೆ, ಮೀಸಲಾಗಿದ್ದ ಹುಲ್ಲುಗಾವಲುಗಳೇ ಈ ಕಾವಲುಗಳು. ಕೃಷ್ಣಮೃಗಗಳು ಮೇಯುವ, ತೋಳಗಳು ಮರಿ ಮಾಡುವ, ಮಧ್ಯ ಏಷ್ಯಾದ ಬಯಲುಗಳಿಂದ ಚಳಿಗಾಲ ಕಳೆಯಲು ಬರುವ ಹ್ಯಾರಿಯರ್ ಹಕ್ಕಿಗಳು ಸಂಜೆ ಹುಲ್ಲಿಗೆ ಇಳಿದು ಮಲಗುವ ಈ ಬಯಲು ನೋಡುವವರ ಕಣ್ಣಿಗೆ ಖಾಲಿ ಜಾಗವಾಗಿ ಕಂಡಿತು. 2010ರ ಆಸುಪಾಸಿನಲ್ಲಿ ಅದರ ಸುಮಾರು 10,000 ಎಕರೆಯನ್ನು ರಕ್ಷಣಾ ಮತ್ತು ವಿಜ್ಞಾನ ಸಂಸ್ಥೆಗಳಿಗೆ ಕೊಡಲಾಯಿತು. ದನ, ಕುರಿ ಮೇಯಿಸಿಕೊಂಡಿದ್ದ ಹಳ್ಳಿಗರ ಅಳಲು ಹಸಿರು ನ್ಯಾಯಮಂಡಳಿಯವರೆಗೂ ಹೋಯಿತು. ಅಲ್ಲಿನ ಹುಲ್ಲಿನ ಚಿತ್ರಗಳು ಮೊದಲೇ ನಾಡಿನ ಮನೆಮನೆಯಲ್ಲಿ ಇದ್ದಿದ್ದರೆ ಆ ಬಯಲನ್ನು ಯಾರೂ ಅಷ್ಟು ಸಲೀಸಾಗಿ ಖಾಲಿಯೆನ್ನುತ್ತಿರಲಿಲ್ಲ ಎಂಬ ನೋವು ನನಗೆ ಇಂದಿಗೂ ಇದೆ.

ಚಿತ್ರವೊಂದು ಸಾಕ್ಷಿಯಾಗಿ ನಿಂತು ಕೆಲಸ ಮಾಡಿದ್ದೂ ಉಂಟು. ಹಿರಿಯೂರಿನ ಆಚೆ, ಶಿರಾ ಸೀಮೆಯ ಬುಕ್ಕಾಪಟ್ಟಣದ ಕಾಡಿನಲ್ಲಿ ವನ್ಯಜೀವಿ ವಿಜ್ಞಾನಿ ಸಂಜಯ್ ಗುಬ್ಬಿಯವರ ತಂಡ ಇರಿಸಿದ್ದ, ಪ್ರಾಣಿ ಹಾದಾಗ ತಾವಾಗಿಯೇ ಚಿತ್ರ ತೆಗೆಯುವ ಕ್ಯಾಮೆರಾ ಟ್ರ್ಯಾಪ್‌ಗಳಲ್ಲಿ ಚಿಂಕಾರ ಎಂಬ ಹುಲ್ಲೆ ದಾಖಲಾಯಿತು, 2019ರಲ್ಲಿ ಆ ಪ್ರದೇಶ ಚಿಂಕಾರ ವನ್ಯಜೀವಿ ಧಾಮವಾಯಿತು. ಜೋಗಿಮಟ್ಟಿಯ ಬಂಡೆಗಳಲ್ಲಿರುವ ಹಳದಿ ಕೊರಳಿನ ಪಿಕಳಾರದ ಚಿತ್ರಕ್ಕೂ ಅಂಥದೇ ಬೆಲೆಯಿದೆ. ದಕ್ಷಿಣ ಭಾರತದ ಕಲ್ಲುಗುಡ್ಡಗಳನ್ನು ಬಿಟ್ಟು ಪ್ರಪಂಚದಲ್ಲಿ ಬೇರೆಲ್ಲೂ ಇಲ್ಲದ ಈ ಹಕ್ಕಿಗೆ ಕಲ್ಲುಗಣಿಯೇ ಶತ್ರು. ಆದ್ದರಿಂದ ಅದನ್ನು ತೆಗೆಯುವಾಗ ಅದು ಕುಳಿತ ಬಂಡೆಯನ್ನೂ ಬಿಡದೆ ಸೇರಿಸುತ್ತೇನೆ.

ಈಗ ಹವ್ಯಾಸಕ್ಕಿಳಿಯುವ ಯುವಕರಿಗೆ ಒಂದು ಮಾತನ್ನು ಖಡಾಖಂಡಿತವಾಗಿ ಹೇಳುತ್ತೇನೆ. ಮೊಬೈಲಿನಲ್ಲಿ ಹಕ್ಕಿಯ ಕೂಗು ಹಾಕಿ ಅದನ್ನು ಕರೆಯುವುದು, ಗೂಡಿನ ಮುಂದಿನ ಎಲೆ ಕತ್ತರಿಸುವುದು, ಜೀಪಿನಲ್ಲಿ ಕೃಷ್ಣಮೃಗದ ಹಿಂಡನ್ನು ಓಡಿಸಿ ನೆಗೆತದ ಚಿತ್ರ ತೆಗೆಯುವುದು ಇವೆಲ್ಲ ಹಿಂಸೆಯೇ. ವನ್ಯಜೀವಿ ಧಾಮದೊಳಗೆ ಹೋಗಲು ಅರಣ್ಯ ಇಲಾಖೆಯ ಅನುಮತಿ ಬೇಕು, ಅದನ್ನು ಪಡೆದೇ ಹೋಗಬೇಕು. ಇಂದಿನ ಮೊಬೈಲುಗಳೂ ಕೆಲವು ಕ್ಯಾಮೆರಾಗಳೂ ಚಿತ್ರದೊಳಗೆ ಜಾಗದ ಗುರುತನ್ನು ತಾವಾಗಿಯೇ ಬರೆದಿಡಬಲ್ಲವಾದ್ದರಿಂದ, ಬೇಟೆಗಾರರ ಕಣ್ಣಿರುವ ಚಿಪ್ಪುಹಂದಿಯಂತಹ ಪ್ರಾಣಿಗಳ ಚಿತ್ರವನ್ನು ಹಂಚುವ ಮೊದಲು ಆ ಗುರುತನ್ನು ಅಳಿಸಬೇಕು. ಗುಡ್ಡ ಕಾಣಲಿ ಎಂದ ನಾನೇ ಹೀಗೆ ಹೇಳುವುದು ವಿಚಿತ್ರವೆನಿಸಬಹುದು. ಊರಿನವರಿಗೆ ತೋರಿಸುವ ಚಿತ್ರ ಬೇರೆ, ಜಗತ್ತಿಗೆಲ್ಲ ಹರಿಯಬಿಡುವ ಚಿತ್ರ ಬೇರೆ. ಈ ವಿವೇಚನೆ ಪ್ರತಿ ಚಿತ್ರದ ವಿಷಯದಲ್ಲೂ ಬೇಕು.

ಸದ್ಯ ನಾನು ಹಳೆಯ ಸ್ಲೈಡುಗಳನ್ನು ಊರುವಾರು ಬೇರ್ಪಡಿಸುತ್ತಿದ್ದೇನೆ. ಜೀವವೈವಿಧ್ಯ ಕಾಯ್ದೆಯ ಪ್ರಕಾರ ಪಂಚಾಯಿತಿ ಮಟ್ಟದಲ್ಲಿ ಜನತಾ ಜೀವವೈವಿಧ್ಯ ದಾಖಲಾತಿ ಸಿದ್ಧವಾಗಬೇಕು, ಅಲ್ಲಿನ ಗಿಡ, ಹಕ್ಕಿ, ಪ್ರಾಣಿಗಳ ವಿವರವನ್ನು ಊರಿನವರ ತಿಳಿವಳಿಕೆಯಿಂದಲೇ ತುಂಬಬೇಕು. ಆಯಾ ಊರಿನ ಚಿತ್ರಗಳನ್ನು, ತೆಗೆದ ತಿಂಗಳು, ವರ್ಷ ಮತ್ತು ಕುರಿಗಾಹಿಗಳು ಹೇಳಿದ ಹೆಸರುಗಳೊಂದಿಗೆ, ಆ ದಾಖಲಾತಿಗೆ ಸೇರಿಸಲು ಕೊಡುತ್ತಿದ್ದೇನೆ. ಗಾಳಿಯಂತ್ರಗಳೂ ಅವುಗಳ ರಸ್ತೆಗಳೂ ಬರುವ ಮುಂಚಿನ ಚಿತ್ರದುರ್ಗದ ಗುಡ್ಡಗಳ ಚಿತ್ರಗಳು, ಮದುವೆಯ ಆಲ್ಬಮ್ಮಿನ ಹಿನ್ನೆಲೆಯಲ್ಲಿ ಕಾಣುವಂಥವಾದರೂ ಸರಿ, ಯಾರಲ್ಲಾದರೂ ಇದ್ದರೆ ತಮ್ಮ ಪಂಚಾಯಿತಿಯ ಜೀವವೈವಿಧ್ಯ ಸಮಿತಿಗೆ ಒಂದು ಪ್ರತಿ ಕೊಡಬೇಕೆಂದು ಕೋರುತ್ತೇನೆ. ಹಿಂಬದಿಯಲ್ಲಿ ಊರಿನ ಹೆಸರನ್ನೂ ಇಸವಿಯನ್ನೂ ಪೆನ್ಸಿಲಿನಲ್ಲಿ ಬರೆದಿದ್ದರೆ ಸಾಕು.